ಹೌದು, ಅದನ್ನೆಲ್ಲಾ ನಾನೇ ತೆಗೀತೀನಿ

"ಅದನ್ನೆಲ್ಲಾ ನೀನೇ ತೆಗೀಬೇಕಾ?"

ಪ್ರಶ್ನೆ ಇದು. ಈ ಕೆಲಸಕ್ಕೆ ಸೇರಿ ಆರು ವರ್ಷ ಆಯಿತು. ನೆಂಟರಿಂದ ಹಿಡಿದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರ ತನಕ ಎಲ್ಲರೂ ಇದನ್ನೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಹಾಸಿಗೆ ಹಿಡಿದ ವಯಸ್ಸಾದವರನ್ನು ಅವರ ಮನೆಯಲ್ಲೇ ನೋಡಿಕೊಳ್ಳುತ್ತೇನೆ. ಹನ್ನೆರಡು ಗಂಟೆ ಡ್ಯೂಟಿ. ಸರ್ಟಿಫಿಕೇಟಿನಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್, ಏಜೆನ್ಸಿಯವರ ಬಾಯಲ್ಲಿ ಅಟೆಂಡರ್, ಮನೆಯವರಿಗೆ ಸಿಸ್ಟರ್. ಪಕ್ಕದ ಮನೆಯವರಿಗೆ 'ಆ ಅಜ್ಜೀನ ನೋಡ್ಕೊಳ್ಳೋ ಹುಡುಗಿ'. ನಾನು ನರ್ಸ್ ಅಲ್ಲ. ಜಿಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸ್ ಮಾಡಲು ಮೂರು ವರ್ಷ ಓದಬೇಕು. ನಾನು ಓದಿದ್ದು ಕೆಲವೇ ತಿಂಗಳು. ಇಂಜೆಕ್ಷನ್ ಕೊಡುವುದು ನನ್ನ ಕೆಲಸವಲ್ಲ. ಆದರೆ ಮನೆಗೆ ಬಂದ ನೆಂಟರಿಗೆಲ್ಲ ಬಿಪಿ ನೋಡಿಕೊಡಬೇಕು, ಅದೊಂದು ಪುಕ್ಕಟೆ ಸೇವೆ.

'ಅದನ್ನೆಲ್ಲಾ' ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ದನಿ ತಗ್ಗಿಸಿ, ಸೊಂಟದ ಕೆಳಗೆ ಗಾಳಿಯಲ್ಲಿ ಒಂದು ಸಲ ಕೈ ಆಡಿಸುತ್ತಾರೆ, ಅಷ್ಟೇ. ಕಕ್ಕ ಅನ್ನಿ. ಮನೆಯಲ್ಲಿ ಕೂಸಿದ್ದರೆ ದಿನಕ್ಕೆ ಹತ್ತು ಸಲ ಅನ್ನುತ್ತೀರಲ್ಲ. ಎಂಬತ್ತು ವರ್ಷದವರದ್ದಾದರೆ ಮಾತ್ರ ಅದು 'ಅದೆಲ್ಲಾ' ಆಗಿಬಿಡುತ್ತದೆ.

ಇನ್ನೊಂದು ವಿಚಿತ್ರ, ಇದನ್ನು ಊಟದ ಹೊತ್ತಿಗೇ ಕೇಳುತ್ತಾರೆ. ಎರಡು ವರ್ಷದ ಹಿಂದೆ ತಿಪಟೂರಿನಲ್ಲಿ ಮಾವನ ಮಗನ ಮದುವೆ. ನಾನು ರಾತ್ರಿ ಪಾಳಿ ಮುಗಿಸಿ ಸೀದಾ ರೈಲು ಹತ್ತಿ ಬಂದಿದ್ದೆ. ಕಣ್ಣು ಉರಿಯುತ್ತಿತ್ತು, ಹೊಟ್ಟೆ ಹಸಿದಿತ್ತು. ಎರಡನೇ ಪಂಕ್ತಿಯಲ್ಲಿ ಕೂತೆ. ಕೋಸಂಬರಿ, ಪಲ್ಯ ಬಿದ್ದಾಗಿತ್ತು. ಎರಡು ಎಲೆ ಆಚೆಯಿಂದ ಚಿಕ್ಕಮ್ಮ ಮುಂದಕ್ಕೆ ಬಗ್ಗಿದರು.

"ಅಲ್ಲ ಕಣೇ, ಅದನ್ನೆಲ್ಲಾ ನೀನೇ ತೆಗೀಬೇಕಾ? ಅವರಿಗೆ ಸೊಸೆ ಇಲ್ವಾ?"

ಮಗ ಇಲ್ವಾ ಅಂತ ಯಾರೂ ಕೇಳುವುದಿಲ್ಲ, ಗಮನಿಸಿದ್ದೀರಾ? ಇರಲಿ.

"ಹೂಂ ಚಿಕ್ಕಮ್ಮ, ನಾನೇ ತೆಗೀತೀನಿ. ತೆಗೆಯೋ ಮುಂಚೆ ಚೆನ್ನಾಗಿ ನೋಡ್ತೀನಿ. ಡಾಂಬರಿನ ಥರ ಕಪ್ಪಗೆ, ಅಂಟಂಟಾಗಿದ್ರೆ ಹೊಟ್ಟೆ ಒಳಗೆ ರಕ್ತ ಹೋಗ್ತಿರಬಹುದು, ತಕ್ಷಣ ಡಾಕ್ಟರಿಗೆ ಹೇಳ್ಬೇಕು. ಕಬ್ಬಿಣದ ಮಾತ್ರೆ ತಗೊಂಡ್ರೂ ಕಪ್ಪಗಾಗುತ್ತೆ, ಆದ್ರೆ ಅದು..."

ಅಷ್ಟರಲ್ಲಿ ಬಡಿಸುವ ಹುಡುಗ ಹಾಗಲಕಾಯಿ ಗೊಜ್ಜಿನ ಬಕೆಟ್ ಹಿಡಿದು ಬಂದ. ಚಿಕ್ಕಮ್ಮ ಎಲೆಗೆ ಎರಡೂ ಕೈ ಅಡ್ಡ ಇಟ್ಟರು. ಅಮ್ಮ ನನ್ನ ತೊಡೆಗೆ ಚಿವುಟಿದಳು. ನಾನು ಗೊಜ್ಜು ಎರಡು ಸಲ ಹಾಕಿಸಿಕೊಂಡೆ.

ಹಾಗಂತ ನನಗೆ ಅಸಹ್ಯವೇ ಆಗಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೊದಲ ವಾರ ಮಾಸ್ಕಿನ ಒಳಗೆ ವಿಕ್ಸ್ ಬಳಿದುಕೊಂಡು ಹೋಗುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ಒಂದು ತಿಂಗಳಲ್ಲಿ ವಿಕ್ಸ್ ಡಬ್ಬಿ ಬ್ಯಾಗಿನ ತಳ ಸೇರಿತ್ತು. ಕಫ ಮಾತ್ರ ನನಗೆ ಇವತ್ತಿಗೂ ಆಗುವುದಿಲ್ಲ. ಆದರೆ ಕಫದ ಬಗ್ಗೆ ಯಾರೂ ಕೇಳಲ್ಲ ನೋಡಿ, ಎಲ್ಲರಿಗೂ ಸೊಂಟದ ಕೆಳಗಿನದ್ದೇ ಬೇಕು.

ಸರಿ, ಉತ್ತರ ಕೊಟ್ಟಾಯಿತು. ಅಸಹ್ಯ ಆಗುತ್ತದೆ, ಆಮೇಲೆ ಹೋಗುತ್ತದೆ. ಹೊಸದಾಗಿ ಸೇರಬೇಕು ಅಂತಿರುವ ಹುಡುಗಿಯರಿಗೂ ಇದೇ ಹೇಳುತ್ತೇನೆ. ಸಂಬಳದ ವಿಷಯ ಕೇಳಿದರೆ, ಮನೆಯವರು ಏಜೆನ್ಸಿಗೆ ಕೊಡುವುದೇ ಬೇರೆ, ನಮ್ಮ ಕೈಗೆ ಬರುವುದೇ ಬೇರೆ. ಸೇರುವ ಮುಂಚೆ ಎರಡನ್ನೂ ಕೇಳಿಕೊಳ್ಳಿ.

ಆದರೆ ಈ ಆರು ವರ್ಷದಲ್ಲಿ ಒಬ್ಬರಾದರೂ 'ಅವರಿಗೆ ನಾಚಿಕೆ ಆಗಲ್ವಾ' ಅಂತ ಕೇಳಿಲ್ಲ. ಎಲ್ಲರಿಗೂ ನನ್ನ ಮೂಗಿನದೇ ಚಿಂತೆ. ಮಲಗಿರುವವರದ್ದು?

ಕೋರ್ಸಿನಲ್ಲಿ ನಮಗೆ ಒಂದು ಗೊಂಬೆ ಇತ್ತು. ಅದನ್ನು ಪಕ್ಕಕ್ಕೆ ಹೊರಳಿಸುವುದು, ಹಾಸಿಗೆಯಲ್ಲಿ ಮಲಗಿಸಿಕೊಂಡೇ ಬೆಡ್‌ಶೀಟ್ ಬದಲಾಯಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು, ಎಲ್ಲ ಅದರ ಮೇಲೆ ಕಲಿತೆವು. ತಿರುಗಿಸದಿದ್ದರೆ ಟೊಂಕ, ಹಿಮ್ಮಡಿ, ಸೊಂಟದ ಮೂಳೆ ಎದ್ದಿರುವ ಕಡೆಯೆಲ್ಲ ಚರ್ಮ ಮೊದಲು ಕೆಂಪಾಗಿ, ಆಮೇಲೆ ಹುಣ್ಣಾಗುತ್ತದೆ. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೇ ಒರೆಸಬೇಕು, ಇಲ್ಲದಿದ್ದರೆ ಮೂತ್ರದ ಸೋಂಕು. ವಯಸ್ಸಾದವರಿಗೆ ಆ ಸೋಂಕಾದರೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ, ಇದ್ದಕ್ಕಿದ್ದಂತೆ ಏನೇನೋ ಮಾತಾಡಲು ಶುರುಮಾಡುತ್ತಾರೆ. ಲಕ್ವ ಹೊಡೆದವರಿಗೆ ಬಟ್ಟೆ ಹಾಕುವಾಗ ಬಿದ್ದುಹೋದ ಕೈ ಮೊದಲು, ತೆಗೆಯುವಾಗ ಚೆನ್ನಾಗಿರುವ ಕೈ ಮೊದಲು. ಎಲ್ಲ ಬಾಯಿಪಾಠ ಮಾಡಿದ್ದೆ. ಗೊಂಬೆ ಹೇಳಿದ ಹಾಗೆ ಕೇಳುತ್ತಿತ್ತು.

ನನ್ನ ಮೊದಲ ಮನೆ ಮಲ್ಲೇಶ್ವರದಲ್ಲಿ. ರಿಟೈರ್ ಆದ ಹೆಡ್‌ಮಿಸ್ಟ್ರೆಸ್. ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದಿತ್ತು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಹರಿತ ಹಾಗೇ ಇತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಪ್ಯಾಡ್ ಬದಲಾಯಿಸಬೇಕಾಯಿತು. ಬಲಗೈಯಲ್ಲಿ ಹೊದಿಕೆಯನ್ನು ಎದೆ ಹತ್ತಿರ ಬಿಗಿಯಾಗಿ ಹಿಡಿದುಕೊಂಡರು.

"ಬೇಡ. ಮಗಳು ಬರಲಿ."

ಮಗಳು ಆಫೀಸಿನಿಂದ ಬರುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತು ಬಿಟ್ಟರೆ ಚರ್ಮ ಕಿತ್ತು ಬರುತ್ತದೆ. ನಾನು ಗ್ಲೌಸ್ ಹಾಕಿಕೊಂಡು ನಿಂತಿದ್ದೆ. ಗೊಂಬೆ ಯಾವತ್ತೂ ಹೀಗೆ ಹೊದಿಕೆ ಹಿಡಿದುಕೊಂಡಿರಲಿಲ್ಲ. ಬಾಯಿಗೆ ಬಂದದ್ದು ಹೇಳಿದೆ.

"ನಾಚ್ಕೋಬೇಡಿ ಅಜ್ಜಿ. ನೀವೂ ಒಂದು ಮಗು ಅಂದ್ಕೊಳ್ಳಿ."

ಅವರು ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಹೋಂವರ್ಕ್ ಮಾಡದೆ ಬಂದವಳನ್ನು ನೋಡುವ ಹಾಗೆ.

"ನಾನು ಮಗು ಅಲ್ಲ. ನಿನ್ನ ಅಜ್ಜಿನೂ ಅಲ್ಲ. ಮೂವತ್ತೆಂಟು ವರ್ಷ ಪಾಠ ಮಾಡಿದೀನಿ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ಓದಿದೀಯ?"

"ಪಿಯುಸಿ, ಮೇಡಂ."

"ಹದಿನೇಳರ ಮಗ್ಗಿ ಹೇಳು."

ಎಲ್ಲಿಂದ ಹೇಳುವುದು? ಹದಿನೇಳ್ ಒಂದ್ಲಿ ಹದಿನೇಳು, ಹದಿನೇಳ್ ಎರಡ್ಲಿ ಮೂವತ್ನಾಲ್ಕು ಅಂತ ಶುರುಮಾಡಿದೆ. ಅವರು ಗೋಡೆ ಕಡೆ ಮುಖ ತಿರುಗಿಸಿ, ಬಲಗೈ ಬೆರಳಿನಿಂದ ಹಾಸಿಗೆ ಮೇಲೆ ತಟ್ಟುತ್ತಾ ಕೇಳಿಸಿಕೊಂಡರು. ಬೆರಳು ತಟ್ಟಬೇಕಲ್ಲ, ಕೈ ಹೊದಿಕೆಯನ್ನು ಬಿಟ್ಟಿತು. ನಾನು ಮೆಲ್ಲಗೆ ಕೆಲಸ ಶುರುಮಾಡಿದೆ. ಏಳ್ಲಿ ಹತ್ತಿರ ಸಿಕ್ಕಿಹಾಕಿಕೊಂಡೆ.

"ನೂರಾ ಹತ್ತೊಂಬತ್ತು," ಅಂದರು ಗೋಡೆಗೆ. "ಮತ್ತೆ ಮೊದಲಿಂದ."

ಎರಡನೇ ಸಲ ಹತ್ತಕ್ಕೆ ಬರುವಷ್ಟರಲ್ಲಿ ಹೊಸ ಪ್ಯಾಡ್ ಹಾಕಿ ಆಗಿತ್ತು. ಆಗಿದ್ದರ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಅವತ್ತಿನಿಂದ ಅದೇ ನಮ್ಮ ಪದ್ಧತಿ. ಪ್ಯಾಡ್ ಬದಲಾಯಿಸಬೇಕು ಅಂತ ಅವರು ಯಾವತ್ತೂ ಹೇಳಲಿಲ್ಲ. "ಹದಿನೆಂಟು ಕಲಿತ್ಯಾ?" ಅನ್ನುತ್ತಿದ್ದರು. ಮಗಳಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ, ಅಮ್ಮ ಈ ಹುಡುಗಿಗೆ ಯಾಕೆ ಲೆಕ್ಕ ಹೇಳಿಕೊಡ್ತಾರೆ ಅಂತ.

ಕದ ಹಾಕುವುದು, ಮನೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೂ ಹಾಕುವುದು, ಒಂದು ಕಡೆ ಒರೆಸುವಾಗ ಉಳಿದ ಮೈಯನ್ನೆಲ್ಲ ಮುಚ್ಚಿರುವುದು, ಮುಟ್ಟುವ ಮೊದಲು ಹೇಳಿ ಮುಟ್ಟುವುದು, ಇದೆಲ್ಲ ಪುಸ್ತಕದಲ್ಲಿತ್ತು. ಮುಖವನ್ನು ಎಲ್ಲಿಟ್ಟುಕೊಳ್ಳಬೇಕು ಅನ್ನುವುದು ಇರಲಿಲ್ಲ. ಮೇಡಂ ಗೋಡೆ ಕಡೆ ಇಟ್ಟುಕೊಂಡರು, ನನ್ನದನ್ನು ಮಗ್ಗಿ ಕಡೆ ಇಟ್ಟರು. ಒಂದೂವರೆ ವರ್ಷ ಅಲ್ಲಿದ್ದೆ. ಹತ್ತೊಂಬತ್ತರ ತನಕ ಬಂದಿದ್ದೆವು.

ಈಗಿರುವ ಮನೆ ರಾಜಾಜಿನಗರದಲ್ಲಿ. ಈ ಅಜ್ಜಿಗೆ ಅಜ್ಜಿ ಅಂದರೆ ಬೇಜಾರಿಲ್ಲ. ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಮರೆವು ಜಾಸ್ತಿ. ಮಗನ ಹೆಸರು ಕೆಲವು ದಿನ ಇರುತ್ತದೆ, ಕೆಲವು ದಿನ ಇರುವುದಿಲ್ಲ. ನನ್ನನ್ನು ದಿನಾ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಾರೆ. ಬಟ್ಟೆಗೆ ಕೈ ಹಾಕಿದರೆ ಹೊಡೆಯಲು ಬರುತ್ತಾರೆ. ಮಗ್ಗಿ ಇಲ್ಲಿ ನಡೆಯುವುದಿಲ್ಲ, ಒಂದು ಸಲ ನೋಡಿದೆ.

"ಅಜ್ಜೀ, ಶಿವಮೊಗ್ಗಕ್ಕೆ ಒಂದು ಕಾಲ್ ಬೇಕಿತ್ತು. ಎಸ್‌ಟಿಡಿ ಕೋಡ್ 08192 ಅಲ್ವಾ?"

"ಅಯ್ಯೋ, ಅದು ದಾವಣಗೆರೆ ಕಣೇ! ಶಿವಮೊಗ್ಗ 08182."

"ಓ, ಹೌದಲ್ವಾ. ಹಾಸನ?"

"08172."

ಸೊಂಟದ ಕೆಳಗೆ ಕೈ ಕೊಟ್ಟು ಮಗ್ಗುಲಿಗೆ ಹೊರಳಿಸುತ್ತೇನೆ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿ. ಬಳ್ಳಾರಿಗೆ ಬರುವಷ್ಟರಲ್ಲಿ ಸಾಮಾನ್ಯವಾಗಿ ಮುಗಿದಿರುತ್ತದೆ. ಕಲಬುರಗಿಯನ್ನು ಭೇದಿಯಾದ ದಿನಕ್ಕೆ ಅಂತ ಉಳಿಸಿಕೊಂಡಿದ್ದೇನೆ.