ಪೋಸ್ಟ್ ಆಮೇಲೆ, ಮೊದಲು ಇನ್‌ಬಾಕ್ಸ್ ತೆರೆಯಿರಿ

ಸಣ್ಣ ವ್ಯಾಪಾರಿಗಳಲ್ಲಿ ಹೆಚ್ಚಿನವರ ಚಿಂತೆ ಒಂದೇ: ಇವತ್ತು ಏನು ಪೋಸ್ಟ್ ಹಾಕೋದು? ಆದರೆ ‘ರೇಟ್ ಎಷ್ಟು?’ ಅಂತ ಕೇಳಿದವರಿಗೆ ಮೂರು ದಿನ ಬಿಟ್ಟು ಉತ್ತರ ಹೋದರೆ, ಎಷ್ಟು ಚೆಂದದ ಪೋಸ್ಟ್ ಇದ್ದರೂ ದಂಡ. ಅಷ್ಟರಲ್ಲಿ ಅವರು ಬೇರೆ ಕಡೆ ಕೊಂಡಿರುತ್ತಾರೆ.

ಇನ್‌ಸ್ಟಾಗ್ರಾಮ್‌ನಲ್ಲಿ ಅಪರಿಚಿತರ ಮೆಸೇಜ್ ನೇರವಾಗಿ ಕಣ್ಣಿಗೆ ಬೀಳುವುದಿಲ್ಲ. ‘ರಿಕ್ವೆಸ್ಟ್ಸ್’ ವಿಭಾಗದಲ್ಲಿ ಕೂತಿರುತ್ತದೆ. ಅದರೊಳಗೇ ಇನ್ನೊಂದು ಅಡಗಿದ ಪಟ್ಟಿಯೂ ಇದೆ. ಹೊಸ ಗಿರಾಕಿ ಅಂದರೆ ಅಪರಿಚಿತರೇ ತಾನೆ? ಹಾಗಾಗಿ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎರಡನ್ನೂ ತೆರೆದು ನೋಡಿ. ಕಾಮೆಂಟ್‌ನಲ್ಲಿ ಬೆಲೆ ಕೇಳಿದವರಿಗೆ ‘ಡಿಎಂ ಮಾಡಿ’ (ಖಾಸಗಿ ಮೆಸೇಜ್ ಕಳಿಸಿ) ಅನ್ನುವ ಚಾಳಿ ಬಿಟ್ಟುಬಿಡಿ. ಬೆಲೆಯನ್ನು ಅಲ್ಲೇ ಬರೆದರೆ, ಕೇಳಲು ಸಂಕೋಚಪಟ್ಟ ಇನ್ನೂ ಹತ್ತು ಮಂದಿಗೂ ತಿಳಿಯುತ್ತದೆ.

ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಕ್ವಿಕ್ ರಿಪ್ಲೈ ಅಂತ ಇದೆ, ಅಂದರೆ ಮೊದಲೇ ಬರೆದಿಟ್ಟುಕೊಳ್ಳುವ ಸಿದ್ಧ ಉತ್ತರ. 50ರವರೆಗೆ ಉಳಿಸಿಡಬಹುದು, ಐದಾರು ಇದ್ದರೆ ಧಾರಾಳ. ಟೈಪ್ ಮಾಡುವಲ್ಲಿ ಸ್ಲ್ಯಾಶ್ ಒತ್ತಿದರೆ ಪಟ್ಟಿ ಬರುತ್ತದೆ. ಬೆಲೆಯ ಉತ್ತರ ಬರೆಯುವಾಗ ಬರೀ ಅಂಕಿ ಹಾಕಿ ನಿಲ್ಲಿಸಬೇಡಿ. ಬೆಲೆ, ಅದರಲ್ಲಿ ಏನೇನು ಸೇರಿದೆ, ತಲುಪಲು ಎಷ್ಟು ದಿನ, ಕೊನೆಗೆ ಒಂದು ಪ್ರಶ್ನೆ: ‘ಯಾವ ಅಳತೆ ಬೇಕು?’ ಆ ಪ್ರಶ್ನೆ ಇಲ್ಲದಿದ್ದರೆ ಮಾತು ‘ಓಕೆ’ಗೆ ಮುಗಿದುಹೋಗುತ್ತದೆ. ಹಣ ಬಾಕಿ ಇರುವವರಿಗೆ, ಹೊಸ ಆರ್ಡರ್‌ಗೆ ಬೇರೆ ಬೇರೆ ಲೇಬಲ್ ಹಚ್ಚಿ. ಯಾರನ್ನು ವಿಚಾರಿಸಬೇಕೆಂದು ನೆನಪಿಟ್ಟುಕೊಳ್ಳುವ ತಾಪತ್ರಯ ಇರುವುದಿಲ್ಲ. ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರನ್ನು ಸೇರಿಸಿ ಒಂದೇ ಮೆಸೇಜನ್ನು ಎಲ್ಲರಿಗೂ ಬೇರೆ ಬೇರೆಯಾಗಿ ಕಳಿಸಬಹುದು, ಆದರೆ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ‘ಕಳಿಸಿದ್ದೆ, ಯಾರೂ ನೋಡಲೇ ಇಲ್ಲ’ ಅನ್ನುವುದರ ಹಿಂದೆ ಎಷ್ಟೋ ಸಲ ಇರುವ ಗುಟ್ಟು ಇದೇ. ಮೊದಲ ಆರ್ಡರ್ ಆದಾಗಲೇ ನಂಬರ್ ಸೇವ್ ಮಾಡಿಕೊಳ್ಳಲು ಹೇಳಿ.

ಇನ್ನು ಪೋಸ್ಟ್. ವಾರಕ್ಕೆ ಮೂರು ಸಾಕು. ಒಂದೇ ದಿನ ಎರಡು ಗಂಟೆ ಕೂತು ಫೋಟೋ, ವಿಡಿಯೋ ಎಲ್ಲ ತೆಗೆದು, ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡನ್ನೂ ಒಂದೇ ಕಡೆ ನೋಡಿಕೊಳ್ಳುವ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಶೆಡ್ಯೂಲ್ ಮಾಡಿಡಿ. ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ಫೋನಿನ ಲೆನ್ಸ್ ಒರೆಸಿ, ಗಾತ್ರ ತಿಳಿಯುವಂತೆ ವಸ್ತುವನ್ನು ಕೈಯಲ್ಲಿ ಹಿಡಿದ ಒಂದು ಫೋಟೋ ಇರಲಿ. ರೀಲ್ಸ್‌ಗೆ 9:16 ಅಳತೆ, ಅಂದರೆ ಫೋನನ್ನು ನೆಟ್ಟಗೆ ಹಿಡಿದು ತೆಗೆದ ಉದ್ದನೆಯ ವಿಡಿಯೋ. ವಿಡಿಯೋದ ಮೇಲೆ ಬೆಲೆ ಬರೆಯುವುದಾದರೆ ನಡುವೆ ಬರೆಯಿರಿ. ತಳಭಾಗವನ್ನು ಕ್ಯಾಪ್ಷನ್, ಬಲ ಅಂಚನ್ನು ಬಟನ್‌ಗಳು ಮುಚ್ಚುತ್ತವೆ. ಬಿಸಿನೆಸ್ ಖಾತೆಗೆ ಎಲ್ಲ ಸಿನಿಮಾ ಹಾಡುಗಳೂ ಸಿಗುವುದಿಲ್ಲ. ಹೊರಗಿಂದ ತಂದು ಅಂಟಿಸಿದರೆ ವಿಡಿಯೋದ ದನಿಯೇ ಬಂದ್ ಆಗಬಹುದು.

ಲೈಕ್ ಎಣಿಸುವುದು ಮನಸ್ಸಿನ ಸಮಾಧಾನಕ್ಕಷ್ಟೇ. ಇನ್‌ಸೈಟ್ಸ್‌ನಲ್ಲಿ (ಇನ್‌ಸ್ಟಾಗ್ರಾಮ್ ತೋರಿಸುವ ಅಂಕಿ-ಅಂಶದ ಪುಟ) ಸೇವ್, ಶೇರ್ ಎಷ್ಟಾಯಿತು, ಆ ವಾರ ಎಷ್ಟು ಜನ ಮೆಸೇಜ್ ಮಾಡಿದರು, ಎಷ್ಟು ಆರ್ಡರ್ ಆಯಿತು – ಇವನ್ನು ಲೆಕ್ಕದ ಪುಸ್ತಕದಲ್ಲೇ ಬರೆದಿಡಿ. ನೂರು ಲೈಕ್ ಬಂದು ಒಬ್ಬರೂ ವಿಚಾರಿಸದಿದ್ದರೆ ಅಂಥ ಪೋಸ್ಟ್‌ಗೆ ಮತ್ತೆ ಸಮಯ ಹಾಕಬೇಡಿ.

ಕೊನೆಯದಾಗಿ, ಯಾರೂ ಮಾಡದೆ ಮುಂದೂಡುವ ಕೆಲಸ: ಖಾತೆಯ ಭದ್ರತೆ. ಎರಡು ಹಂತದ ದೃಢೀಕರಣ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ) ಆನ್ ಮಾಡಿ, ಫೋನ್ ಕೈಯಲ್ಲಿಲ್ಲದಾಗ ಬಳಸುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿಡಿ. ‘ಕಾಪಿರೈಟ್ ಉಲ್ಲಂಘನೆ, 24 ಗಂಟೆಯಲ್ಲಿ ಪೇಜ್ ರದ್ದು’ ಎಂದು ಲಿಂಕ್ ಸಮೇತ ಮೆಸೇಜ್ ಬಂದರೆ ಒತ್ತಬೇಡಿ. ಪಾಸ್‌ವರ್ಡ್ ಕದಿಯುವವರ ಹಳೇ ವರಸೆ ಅದು. ಫೇಸ್‌ಬುಕ್ ಪೇಜ್ ನಡೆಯುವುದು ಯಾರಾದರೊಬ್ಬರ ಸ್ವಂತ ಪ್ರೊಫೈಲ್ ಮೂಲಕ. ಆ ಪ್ರೊಫೈಲ್ ಹ್ಯಾಕ್ ಆದರೆ ಪೇಜೂ ಕೈಬಿಟ್ಟು ಹೋಗುತ್ತದೆ, ಅದಕ್ಕೇ ಪೂರ್ಣ ಅಧಿಕಾರ ಇಬ್ಬರಿಗಿರಲಿ, ಅದರಲ್ಲಿ ಒಬ್ಬರು ಮಾಲೀಕರೇ ಆಗಿರಲಿ. ಪೋಸ್ಟ್ ಹಾಕುವ ಹುಡುಗ ಕೆಲಸ ಬಿಟ್ಟ ದಿನವೇ ಅವನ ಪ್ರವೇಶ ತೆಗೆದು ಪಾಸ್‌ವರ್ಡ್ ಬದಲಿಸಿ.