ಮೆಟ್ಟಿಲಂಚಿನಲ್ಲಿ ಹನ್ನೆರಡು ವಾರ

ಕಳೆದ ಮಳೆಗಾಲದಲ್ಲಿ ಬಲಗಾಲಿನ ಹಿಮ್ಮಡಿಯ ಮೇಲೆ, ಮೀನಖಂಡವು ಸಣ್ಣದಾಗುತ್ತ ಹಗ್ಗದಂತೆ ಇಳಿಯುವ ಜಾಗದಲ್ಲಿ, ನನಗೆ ನೋವು ಕಾಣಿಸಿಕೊಂಡಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಓಡುತ್ತಿದ್ದವನು ಉತ್ಸಾಹಕ್ಕೆ ಬಿದ್ದು, ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳನ್ನೂ ವಾರಕ್ಕೆರಡು ಬಾರಿ ಹತ್ತತೊಡಗಿದ್ದೆ. ಓಡುವಾಗ ಹತ್ತು ನಿಮಿಷದಲ್ಲಿ ಮಾಯವಾಗುತ್ತಿದ್ದ ನೋವು, ಮರುದಿನ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವಂತೆ ಮಾಡುತ್ತಿತ್ತು.

ಮೂರು ವಾರ ಓಟ ನಿಲ್ಲಿಸಿದಾಗ ನೋವು ಹೋಯಿತು. ಮತ್ತೆ ಓಡಿದ ಎರಡನೆಯ ದಿನವೇ ಮರಳಿತು. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಜೋಡಿಸುವ ಅಕಿಲಿಸ್ ಎಂಬ ಈ ಸ್ನಾಯುರಜ್ಜು ವಿಶ್ರಾಂತಿಯಲ್ಲಿ ನೋವನ್ನು ಮರೆಯುತ್ತದೆ, ಜೊತೆಗೆ ಭಾರ ಹೊರುವ ಶಕ್ತಿಯನ್ನೂ ಕಳೆದುಕೊಳ್ಳುತ್ತದೆ ಎಂದು ಫಿಸಿಯೋಥೆರಪಿಸ್ಟ್ ವಿವರಿಸಿದರು. ಅವರು ಮಾತ್ರೆ ಬರೆಯಲಿಲ್ಲ, ನಮ್ಮ ಮನೆಯಲ್ಲಿ ಮೆಟ್ಟಿಲಿದೆಯೇ ಎಂದು ಕೇಳಿದರು.

ಅವರು ಹೇಳಿಕೊಟ್ಟದ್ದು, ಸ್ವೀಡನ್ನಿನ ಶಸ್ತ್ರವೈದ್ಯ ಹೋಕನ್ ಆಲ್ಫ್ರೆಡ್ಸನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ವ್ಯಾಯಾಮದ ಕ್ರಮ. ಮೆಟ್ಟಿಲಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ, ನೋವಿಲ್ಲದ ಕಾಲಿನಿಂದ ಮೇಲೆದ್ದು, ಭಾರವನ್ನೆಲ್ಲ ನೋಯುವ ಕಾಲಿಗೆ ವರ್ಗಾಯಿಸಿ, ಹಿಮ್ಮಡಿಯನ್ನು ಅಂಚಿಗಿಂತ ಕೆಳಕ್ಕೆ ನಿಧಾನವಾಗಿ ಇಳಿಸಬೇಕು. 15ರಂತೆ ಮೂರು ಸುತ್ತು ಮಂಡಿ ನೇರವಾಗಿಟ್ಟು, ಮೂರು ಸುತ್ತು ಮಂಡಿ ಬಗ್ಗಿಸಿ, ದಿನಕ್ಕೆರಡು ಹೊತ್ತು. ಒಟ್ಟು 180 ಬಾರಿ, 12 ವಾರ. ಆಲ್ಫ್ರೆಡ್ಸನ್ ಅವರ ಅಧ್ಯಯನದ 15 ಮಂದಿ ಹವ್ಯಾಸಿ ಕ್ರೀಡಾಪಟುಗಳೂ ಮತ್ತೆ ಓಟಕ್ಕೆ ಮರಳಿದರು. ಆದರೆ ಎಲ್ಲರಿಗೂ ಅಷ್ಟೇ ಗುಣವಾಗುವುದಿಲ್ಲ. ನೋವು ರಜ್ಜು ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಹಿಮ್ಮಡಿಯನ್ನು ನೆಲದ ಮಟ್ಟಕ್ಕಿಂತ ಕೆಳಕ್ಕೆ ಇಳಿಸಬಾರದು.

ಇಳಿಸುವಾಗ ನೋಯುತ್ತದೆ, ನೋಯಬಹುದು. ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಐದರವರೆಗೆ ಅಡ್ಡಿಯಿಲ್ಲ, ಮರುದಿನ ಬೆಳಿಗ್ಗೆಗೆ ಅದು ತಗ್ಗಿರಬೇಕು ಎಂಬುದು ನನಗೆ ಸಿಕ್ಕ ಲೆಕ್ಕ. ಹೀಗಾಗಿ ಬಚ್ಚಲಿನವರೆಗಿನ ಹನ್ನೆರಡು ಹೆಜ್ಜೆಗಳೇ ನನ್ನ ಪರೀಕ್ಷೆಯಾದವು.

ಹಿಂದೆ ಗರಡಿಯಲ್ಲಿ ಸಾಮು ಮಾಡಿದ ದೊಡ್ಡಪ್ಪ ಎಳ್ಳೆಣ್ಣೆ ಬಿಸಿಮಾಡಿ ಮೀನಖಂಡವನ್ನು ಉಜ್ಜಿದರು. ಹಾಯೆನಿಸಿತು, ಸಂಜೆಯವರೆಗೆ ಮಾತ್ರ. ಹಾಗೆಂದಾಗ ಅವರು, “ಉಜ್ಜಿಸ್ಕೊಂಡು ಮಲಗೋದಲ್ಲ ಕಣೋ, ಆಮೇಲೆ ಬಸ್ಕಿ ಹೊಡೀಬೇಕು” ಎಂದರು. ಫಿಸಿಯೋಥೆರಪಿಸ್ಟ್ ಅರ್ಧ ಗಂಟೆ ವಿವರಿಸಿದ್ದೂ ಬಹುಮಟ್ಟಿಗೆ ಇದನ್ನೇ. ಐಸ್ ಕೂಡ ಅಷ್ಟರ ಮಟ್ಟಿಗೇ: 1978ರಲ್ಲಿ ವಿಶ್ರಾಂತಿ ಮತ್ತು ಐಸಿನ ಸೂತ್ರವನ್ನು ಮುಂದಿಟ್ಟ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ, ಅವೆರಡೂ ವಾಸಿಯಾಗುವುದನ್ನು ತಡಮಾಡಬಹುದೆಂದು ಮುಂದೆ ಒಪ್ಪಿಕೊಂಡರು. ಓಡುವಾಗ ‘ಪಟ್’ ಎಂದು ಸದ್ದಾಗಿ ತುದಿಗಾಲಿನಲ್ಲಿ ನಿಲ್ಲಲಾಗದಿದ್ದರೆ ಮಾತ್ರ ಮೆಟ್ಟಿಲು ಬಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಬೇಕು, ರಜ್ಜು ಹರಿದಿರಬಹುದು.

ಏಳನೆಯ ವಾರ ನೋವಿಲ್ಲದಾದಾಗ ಬೆನ್ನಿನ ಚೀಲಕ್ಕೆ ಐದು ಕಿಲೋ ಅಕ್ಕಿ ತುಂಬಿಕೊಂಡು ಇಳಿಸತೊಡಗಿದೆ. ಮನೆಯವರಿಗೆ ಅದೊಂದು ನಗೆಯಾಟವಾಯಿತು. ಈಗ ಕೆರೆಯ ಏರಿಗೆ ಮರಳಿದ್ದೇನೆ. ಬೆಟ್ಟ ವಾರಕ್ಕೊಮ್ಮೆ ಮಾತ್ರ, ಇಳಿಯುವುದು ಮಂಡಿಯ ಮೇಲಿನ ಕರುಣೆಯಿಂದ ಬಸ್ಸಿನಲ್ಲಿ.