ಹೂಬಿಡುವ ಮೊದಲೇ ಕಿತ್ತ ಪಾರ್ಥೇನಿಯಂ

ಮೈಸೂರಿನ ಕುವೆಂಪುನಗರದ ನಮ್ಮ ಅಡ್ಡರಸ್ತೆಯಲ್ಲಿ ಪಾದಚಾರಿ ಮಾರ್ಗವೆಂದರೆ ಮಳೆನೀರಿನ ಚರಂಡಿಯ ಮೇಲೆ ಹಾಸಿದ ಕಲ್ಲುಚಪ್ಪಡಿ ಮತ್ತು ಅದರ ಪಕ್ಕದಲ್ಲಿ ಮರಳಿನ ಮೇಲೆ ಜೋಡಿಸಿದ ಸಿಮೆಂಟ್ ಇಟ್ಟಿಗೆಗಳ ಸಾಲು. ಎರಡರ ಸಂದುಗಳಲ್ಲೂ ವರ್ಷವಿಡೀ ದೂಳು, ಹೊಂಗೆಯ ಎಲೆಪುಡಿ, ಮನೆ ಕಟ್ಟಿದವರು ಬಿಟ್ಟುಹೋದ ಮರಳು ಸೇರಿಕೊಳ್ಳುತ್ತವೆ. ಮೇ ತಿಂಗಳ ಮಳೆಗೆ ಅಲ್ಲಿ ಪಾರ್ಥೇನಿಯಂ ಮೊಳೆಯುತ್ತದೆ. ಜುಲೈ ಹೊತ್ತಿಗೆ ಸೊಂಟದೆತ್ತರ ಬೆಳೆದು, ಮೈತುಂಬ ಬಿಳಿ ಹೂಬಿಟ್ಟು, ನಡೆಯುವವರನ್ನು ವಾಹನಗಳ ನಡುವೆ ಇಳಿಸುತ್ತದೆ. ಕಳೆದ ಜೂನ್‌ನಲ್ಲಿ, ರಾತ್ರಿ ಒಳ್ಳೆಯ ಮಳೆ ಬಿದ್ದ ಮರುದಿನ ಭಾನುವಾರವೂ ಆಗಿದ್ದರಿಂದ, ಬೀದಿಯ ಕೆಲವರು ಸೇರಿ ಅದನ್ನು ಹೂಬಿಡುವ ಮೊದಲೇ ಕೀಳಲು ಹೊರಟೆವು.

ನಮ್ಮನ್ನು ಮುಖ್ಯವಾಗಿ ಹೊರಡಿಸಿದ್ದು ಎದುರುಮನೆಯ ನಿವೃತ್ತ ಮೇಷ್ಟ್ರ ಸ್ಥಿತಿ. ಅವರ ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆಗಳ ಚರ್ಮ ತುರಿಸಿ ತುರಿಸಿ ದಪ್ಪವಾಗಿ ಕಪ್ಪಾಗಿದೆ. ಈ ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಒಗ್ಗದವರಿಗೆ ಗಿಡವನ್ನು ಮುಟ್ಟಲೇಬೇಕೆಂದಿಲ್ಲ, ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದು ತಾಗಿದರೂ ಸಾಕು. ವೈದ್ಯರು ತುಂಬುತೋಳಿನ ಅಂಗಿ ತೊಡಲು, ಗಿಡವಿರುವ ಕಡೆ ಓಡಾಡದಿರಲು ಹೇಳಿದ್ದಾರೆ. ಆದರೆ ಮನೆಯ ಗೇಟಿನ ಮುಂದೆಯೇ ಗಿಡವಿದ್ದರೆ ಅವರು ಎಲ್ಲಿ ಓಡಾಡಬೇಕು?

ಮಧ್ಯ ಅಮೆರಿಕ ಕಡೆಯ ಈ ಕಳೆ ಭಾರತದಲ್ಲಿ ಮೊದಲು ಗಮನಕ್ಕೆ ಬಂದದ್ದು 1955ರಲ್ಲಿ, ಪುಣೆಯಲ್ಲಿ. ಈಗ ಅದಿಲ್ಲದ ಊರಿಲ್ಲ. ಒಂದು ಗಿಡ ಹದಿನೈದು ಸಾವಿರಕ್ಕೂ ಹೆಚ್ಚು ಬೀಜ ಕೊಡಬಲ್ಲದು. ಮೊಳೆತ ಒಂದೂವರೆ ತಿಂಗಳೊಳಗೆ ಹೂವೂ ಬಿಡುತ್ತದೆ. ಆದ್ದರಿಂದ ಗಿಡ ಎದ್ದು ಕಾಣುವವರೆಗೆ ಕಾದು ಕತ್ತರಿಸುವುದು ಬೀಜ ಬಿತ್ತಿದ ಮೇಲೆ ಬೇಲಿ ಹಾಕಿದಂತೆ. ಎಳೆಯದರಲ್ಲಿ ಅದು ಎತ್ತರವೇ ಇರುವುದಿಲ್ಲ. ಸೀಳುಸೀಳಾದ ಎಲೆಗಳನ್ನು ಸುತ್ತಲೂ ಕಲ್ಲಿಗೆ ಅಂಟಿದಂತೆ ಹರಡಿಕೊಂಡು, ತಾಯಿಬೇರನ್ನು ಸಂದಿಗೆ ನೇರವಾಗಿ ಇಳಿಸಿ ಕೂತಿರುತ್ತದೆ. ಕೀಳಬೇಕಾದದ್ದು ಆ ಹಂತದಲ್ಲಿಯೇ.

ನಮ್ಮ ಜೊತೆಗಿದ್ದ ಕಾಲೇಜು ಹುಡುಗರು ಎಲೆಗಳನ್ನು ಗುಂಪಾಗಿ ಹಿಡಿದು ಎಳೆಯುತ್ತಿದ್ದರು. ಬೀದಿ ಗುಡಿಸಲು ಬಂದ ಪೌರಕಾರ್ಮಿಕ ಮಹಿಳೆ ಅದನ್ನು ನೋಡಿ ನಿಂತರು. "ಹಂಗೆಲ್ಲ ಎಳೀಬೇಡಿ ಮಗ. ಬುಡ ಅಲ್ಲಾಡ್ಸಿ ಆಮೇಲೆ ಎತ್ತಿ. ಬೇರು ಒಳಗೇ ಉಳಿದ್ರೆ ವಾರಕ್ಕೆ ಮತ್ತೆ ಬತ್ತದೆ" ಎಂದರು. ಅವರ ಬಳಿ ತುದಿ ಚಪ್ಪಟೆ ಮಾಡಿದ ಒಂದು ಕಬ್ಬಿಣದ ಸರಳಿತ್ತು. ಅದನ್ನು ಸಂದಿನಲ್ಲಿ ಬೇರಿನ ಪಕ್ಕಕ್ಕೆ ಇಳಿಸಿ, ಸ್ವಲ್ಪ ಮೀಟಿ, ಇನ್ನೊಂದು ಕೈಯಿಂದ ಗಿಡದ ಕತ್ತನ್ನು ನೆಲಕ್ಕೆ ತಾಗಿದಂತೆ ಹಿಡಿದು ಎತ್ತಿದಾಗ, ಒಂದು ಗೇಣು ಉದ್ದದ ಬಿಳಿಯ ಬೇರು ಮಣ್ಣಿನ ಸಮೇತ ಹೊರಬಂತು. ಕಲ್ಲಿನ ಸಂದು ಒಣಗಿದ್ದರೆ ಅದೇ ಬೇರು ಅರ್ಧಕ್ಕೆ ತುಂಡಾಗುತ್ತದೆ. ಅವರಿಗೆ ನಮ್ಮ ಕೈಗವಸಿನ ಒಂದು ಜೊತೆ ಕೊಟ್ಟೆವು. ವರ್ಷವಿಡೀ ಈ ಗಿಡವನ್ನು ಬರಿಗೈಯಲ್ಲಿ ಕೀಳುವ ಅವರಿಗೆ ಅದು ಬಹಳ ಹಿಂದೆಯೇ ಸಿಗಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಔಷಧಿ ಹೊಡೆಸಿದರೆ ಒಂದೇ ಗಂಟೆಯ ಕೆಲಸ ಎಂಬ ಮಾತು ನಮ್ಮಲ್ಲಿಯೂ ಬಂತು. ಗ್ಲೈಫೊಸೇಟ್ ಎಂಬ ಕಳೆನಾಶಕದ ಬಳಕೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಕೀಟನಿಯಂತ್ರಣ ನಿರ್ವಾಹಕರಿಗೆ ಮಾತ್ರ ಸೀಮಿತಗೊಳಿಸಿದೆ. ಕಂಡವರು ಕಂಡಲ್ಲಿ ಸಿಂಪಡಿಸುವಂತಿಲ್ಲ. ಹದಿನೈದು, ಇಪ್ಪತ್ತು ಶೇಕಡಾ ಉಪ್ಪುನೀರು ಎರಚುವ ಪದ್ಧತಿ ಪಾರ್ಥೇನಿಯಂಗೆ ಪರಿಣಾಮಕಾರಿಯೇ ಆದರೂ, ಹೊಂಗೆ ಮರಗಳ ಬುಡದಲ್ಲಿ ಅಷ್ಟು ಉಪ್ಪು ಸುರಿಯಲು ನಾನು ಒಪ್ಪಲಾರೆ. ಎಲ್ಲಕ್ಕಿಂತ ಹೆಚ್ಚಾಗಿ, ವಿಷಕ್ಕೆ ಸತ್ತ ಗಿಡ ನಿಂತಲ್ಲೇ ಒಣಗುತ್ತದೆ, ಆ ಒಣ ಪುಡಿಯೇ ಮೇಷ್ಟ್ರಿಗೆ ಕಂಟಕ. ಸಂದಿನ ಮಣ್ಣಂತೂ ಇದ್ದಲ್ಲೇ ಇರುತ್ತದೆ, ಅದರಲ್ಲಿ ಗಿಡ ಮತ್ತೆ ಮೊಳೆಯುತ್ತದೆ. ಈ ಕಳೆಯನ್ನು ಹತೋಟಿಗೆ ತರಲೆಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕನ್ ಜೀರುಂಡೆ ಬಯಲುಗಳಲ್ಲಿ ಈ ಎಲೆಯನ್ನು ಜಾಲರಿಯಂತೆ ತಿಂದು ಹಾಕುವುದನ್ನು ನಾನು ಸಂತೋಷದಿಂದ ನೋಡಿದ್ದೇನೆ, ಆದರೆ ನಮ್ಮ ಕಲ್ಲುಹಾಸಿನ ಮೇಲೆ ಅದು ಕಂಡಿಲ್ಲ.

ಎಲ್ಲ ಹಸಿರನ್ನೂ ಬೋಳಿಸುವುದು ನಮ್ಮ ಉದ್ದೇಶವಾಗಿರಲಿಲ್ಲ. ಅಂಚಿನ ಗರಿಕೆಯನ್ನೂ ನೆಲನೆಲ್ಲಿಯನ್ನೂ ಬಿಟ್ಟೆವು, ಅವು ಯಾರ ಕಾಲಿಗೂ ಅಡ್ಡವಲ್ಲ. ಮರದ ಪಾತಿಗಳಲ್ಲಿದ್ದ ತಗಚೆಯನ್ನು ಬೇಕೆಂದೇ ಉಳಿಸಿದೆವು, ಅದು ದಟ್ಟವಾಗಿ ಬೆಳೆದ ಕಡೆ ಪಾರ್ಥೇನಿಯಂ ತಲೆಯೆತ್ತುವುದು ಕಷ್ಟ. ಹಕ್ಕಿಗಳು ಹಾಕಿದ ಬೀಜದಿಂದ ಚರಂಡಿಗೋಡೆಯಲ್ಲಿ ಹುಟ್ಟಿದ್ದ ಅರಳಿ ಸಸಿಗಳನ್ನು ಮಾತ್ರ ಬಿಡುವಂತಿರಲಿಲ್ಲ. ಹಿರಿಯರೊಬ್ಬರು ಹಿಂಜರಿದರು. ಆದರೆ ಅದೇ ಬೀದಿಯ ತುದಿಯಲ್ಲಿ ಅರಳಿಬೇರು ಎಬ್ಬಿಸಿದ ಚಪ್ಪಡಿಗೆ ಎಡವಿ ಬಿದ್ದವರಿದ್ದಾರೆ. ಮೂರು ಸಸಿಗಳನ್ನು ಬೇರು ಮುರಿಯದಂತೆ ಬಿಡಿಸಿ ಕುಂಡಕ್ಕೆ ಹಾಕಿದೆವು.

ಹೂವಿಲ್ಲದ ಗಿಡಗಳೆಲ್ಲ ಗೊಬ್ಬರದ ಗುಂಡಿಗೆ ಹೋದವು. ಮೊಗ್ಗು ಕಂಡವನ್ನು ಬೇರೆ ಚೀಲಕ್ಕೆ ತುಂಬಿ ಕಟ್ಟಿದೆವು. ಮಧ್ಯಾಹ್ನದ ನಂತರ ಸಂದುಗಳ ಮಣ್ಣನ್ನು ಸರಳಿನಿಂದ ಕೆರೆದು ಬಾಂಡ್ಲಿಗೆ ತುಂಬಿ, ಚಪ್ಪಡಿಗಳ ನಡುವೆ ಸಿಮೆಂಟ್ ಗಾರೆಯನ್ನೂ, ನೀರು ಇಂಗಬೇಕಾದ ಇಟ್ಟಿಗೆಗಳ ನಡುವೆ ಬರಿಯ ಎಂ-ಸ್ಯಾಂಡನ್ನೂ ತುಂಬಿದೆವು. ಇಷ್ಟಾದರೂ ಆಗಸ್ಟ್‌ನಲ್ಲಿ ಮತ್ತೊಂದು ಸುತ್ತು ಕೀಳಬೇಕಾಯಿತು. ಗಾರೆ ಹಾಕಿದ ಕಡೆ ಏನೂ ಇರಲಿಲ್ಲ. ಇಟ್ಟಿಗೆಗಳ ನಡುವೆ ಅಲ್ಲೊಂದು ಇಲ್ಲೊಂದು ಗಿಡ, ಮೂಲೆಯ ಖಾಲಿ ನಿವೇಶನದ ಪಕ್ಕದಲ್ಲಿ ಮಾತ್ರ ಸಾಲುಸಾಲು. ಬೀಜ ಅಲ್ಲಿಂದಲೇ ಬರುತ್ತಿದೆ. ನಿವೇಶನದ ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಬೇಲಿ ತೆಗೆದು ಒಳಗೆ ಹೋಗಲು ಅವರಿಂದ ಫೋನಿನಲ್ಲಿ ಒಪ್ಪಿಗೆ ಸಿಕ್ಕಿದೆ, ಈ ಸಲ ಮೊದಲ ಮಳೆಯಾದ ಕೂಡಲೇ ಅಲ್ಲಿಂದಲೇ ಶುರುಮಾಡುತ್ತೇವೆ.